ಅಮ್ಮ ಉಜ್ಜಿದ ಮುಚ್ಚಳ

ಹುಣಸೆಹಣ್ಣು ಹಿತ್ತಾಳೆಗೆ ತಾಕಿದರೆ ಒಂದು ವಾಸನೆ, ಕಬ್ಬಿಣಕ್ಕೆ ತಾಕಿದರೆ ಇನ್ನೊಂದು. ಹಿತ್ತಾಳೆಯದು ಹಬ್ಬದ ವಾಸನೆ, ಎಲ್ಲರಿಗೂ ಇಷ್ಟ. ಕಬ್ಬಿಣದ್ದು ಹಾಗಲ್ಲ, ಕುಯ್ದ ಬೆರಳನ್ನು ಬಾಯಿಗಿಟ್ಟುಕೊಂಡಾಗ ಸಿಗುವ ರುಚಿಯ ಹಾಗೆ ಮೂಗಿನ ಬುಡಕ್ಕೆ ಹೋಗಿ ನಿಲ್ಲುತ್ತದೆ. ಈ ಸಲ ಆಯುಧಪೂಜೆಗೆ ಒಂದು ದಿನ ಮುಂಚೆ ಅಮ್ಮ ಹಿತ್ತಲ ಕಲ್ಲಿನ ಮೇಲೆ ಕೂತು ದೀಪದ ಕಂಬ, ಗಂಟೆ, ತಟ್ಟೆ ಎಲ್ಲ ಉಜ್ಜಿದಳು. ಹುಣಸೆ ರಸ ಮಿಕ್ಕಿತು. ಮಿಕ್ಕಿದ್ದನ್ನು ಚೆಲ್ಲುವ ಜಾಯಮಾನ ಅವಳದಲ್ಲ. ಈಳಿಗೆಮಣೆಯನ್ನು ಎಳೆದುಕೊಂಡು ಅದರ ಅಲಗಿಗೂ ಬಳಿದಳು. ಬಾಗಿಲಲ್ಲಿ ನಿಂತಿದ್ದ ನನಗೆ ಆ ವಾಸನೆ ಬಂತು.

ನನ್ನ ಬಲಗೈ ಮಣಿಕಟ್ಟು ಮುರಿದು, ಮೂರು ತಿಂಗಳು ಒದ್ದಾಡಿ, ಪ್ಲಾಸ್ಟರ್ ಬಿಚ್ಚಿಸಿ ನಾಲ್ಕು ದಿನವಾಗಿತ್ತು. ಎಂಬತ್ತರ ಹತ್ತಿರದ ಅಮ್ಮ ಕೆಲಸ ಮಾಡುವುದು, ಐವತ್ತು ದಾಟಿದ ಮಗಳು ಬಾಗಿಲಿಗೊರಗಿ ನೋಡುವುದು. ಸಹಾಯಕ್ಕೆ ಹೋದರೆ ಬೈಸಿಕೊಳ್ಳಬೇಕು. ಅದಕ್ಕೇ ಸುಮ್ಮನೆ ನಿಂತಿದ್ದೆ. ನಿಂತವಳು ನಿಂತ ಹಾಗೇ ತೊಂಬತ್ತೇಳನೇ ಇಸವಿಯ ಮಳೆಗಾಲಕ್ಕೆ ಹೋಗಿಬಿಟ್ಟೆ.

ಆಗ ನನಗೆ ಇಪ್ಪತ್ತೈದು. ಹೊಸಕೋಟೆ ಕಡೆಗೆ ಮದುವೆ ಮಾಡಿ ಕೊಟ್ಟಿದ್ದರು. ಹನ್ನೊಂದು ತಿಂಗಳು ಬಾಳಿ, ಒಂದು ಟ್ರಂಕ್ ಹಿಡಿದುಕೊಂಡು ದೊಡ್ಡನೆಕ್ಕುಂದಿಯ ನಮ್ಮ ಮನೆಗೆ ವಾಪಸ್ ಬಂದಿದ್ದೆ. ಗಂಡನ ಕೈ ನನ್ನ ಮೇಲೆ ಏಳುತ್ತಿತ್ತು. ಅಷ್ಟು ಹೇಳಿದರೆ ಸಾಕು, ಮಿಕ್ಕ ವಿವರ ಬೇಡ. ಅಮ್ಮ ಒಂದು ಮಾತೂ ಕೇಳದೆ ಟ್ರಂಕನ್ನು ಒಳಗೆ ಎಳೆದುಕೊಂಡಳು. ಜಗಲಿಯಲ್ಲಿ ಬೀಡಿ ಸೇದುತ್ತಿದ್ದ ಅಪ್ಪ ಎದ್ದು ಹೊರಗೆ ಹೋದ. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಪ್ಪ ಬೈಯಲೂ ಇಲ್ಲ. ನಾನು ಎದುರಿಗೇ ಊಟಕ್ಕೆ ಕೂತಿದ್ದರೂ ಗೋಡೆ ನೋಡಿಕೊಂಡು ಅಮ್ಮನಿಗೆ ಹೇಳುತ್ತಿದ್ದ, “ಆ ಹುಡುಗಿಗೆ ಇನ್ನೊಂದು ಮುದ್ದೆ ಹಾಕು.” ಮುಂಜಾನೆ ಹೊರಟರೆ, “ಆ ಹುಡುಗಿ ಛತ್ರಿ ತಗೊಂಡು ಹೋಗ್ಲಿ, ಮೋಡ ಆಗೈತೆ.” ಮೊದಮೊದಲು ಅತ್ತೆ. ಆಮೇಲೆ ಕೋಪ ಬಂತು. “ಆ ಯಜಮಾನ್ರಿಗೆ ಹೇಳಮ್ಮ, ನಂಗೂ ಕಣ್ಣಿದೆ, ಮೋಡ ಕಾಣ್ಸುತ್ತೆ,” ಅಂತ ನಾನೂ ಗೋಡೆಗೆ ಹೇಳತೊಡಗಿದೆ. ನಡುವೆ ಸಿಕ್ಕಿಕೊಂಡ ಅಮ್ಮ ಹೈರಾಣಾದಳು. ಇಷ್ಟೆಲ್ಲ ಸೆಟೆದುಕೊಂಡರೂ ನನಗಿದ್ದ ಆಸೆ ಒಂದೇ. ಮಂಜುಳಾ ಅನ್ನುವುದು ಸ್ಕೂಲಲ್ಲಿ ಬರೆಸಿದ ಹೆಸರು, ಮಂಜಿ ಅನ್ನುವುದು ಅಪ್ಪ ಇಟ್ಟದ್ದು. ಅವನು ಒಂದು ಸಲ ನನ್ನ ಮುಖ ನೋಡಿ ‘ಮಂಜಿ’ ಅನ್ನಬೇಕಿತ್ತು.

ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆ ಅನ್ನಿಸಿ ಕೆಲಸ ಹುಡುಕಿದೆ. ನಾನು ಬಿ.ಎಸ್ಸಿ, ಕೆಮಿಸ್ಟ್ರಿ ಓದಿದವಳು. ಶಿವಾಜಿನಗರದ ಗುಜರಿ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ ಖಾದರ್ ಭಾಯ್ ಅನ್ನುವವರ ಪ್ಲೇಟಿಂಗ್ ಶಾಪ್ ಇತ್ತು. ತೊಟ್ಟಿಗಳ ದ್ರಾವಣವನ್ನು ಪರೀಕ್ಷೆ ಮಾಡಿ ಹದ ನೋಡುವುದಕ್ಕೆ ಓದಿದವರು ಬೇಕಿತ್ತು, ನನ್ನನ್ನು ಸೇರಿಸಿಕೊಂಡರು. ಆ ಸುದ್ದಿ ಕೇಳಿ ಅಪ್ಪ ಗೋಡೆಗೆ ಹೇಳಿದ, “ಬಿ.ಎಸ್ಸಿ ಓದ್ಸಿದ್ದು ಕಲಾಯಿ ಹಾಕೋಕಾ, ಕೇಳು ಆ ಹುಡುಗೀನ.”

ಕಲಾಯಿ ಅಂದರೆ ಬೀದಿಯಲ್ಲಿ ತಿದಿ ಊದಿಕೊಂಡು ತಾಮ್ರದ ಪಾತ್ರೆಯೊಳಗೆ ತವರ ಬಳಿಯುವ ಕೆಲಸ. ನಮ್ಮದು ಅದಲ್ಲ, ತೊಟ್ಟಿಯಲ್ಲಿ ಕರೆಂಟ್ ಹರಿಸಿ ಕಬ್ಬಿಣದ ಮೇಲೆ ಸತುವಿನ ತೆಳು ಪದರ ಕೂರಿಸುವುದು, ತುಕ್ಕು ಹಿಡಿಯದ ಹಾಗೆ. ಎಷ್ಟು ಬಿಡಿಸಿ ಹೇಳಿದರೂ ನಮ್ಮ ಮನೆಯಲ್ಲಿ ಅದು ಕಲಾಯಿಯೇ ಆಗಿ ಉಳಿಯಿತು.

ಈಗ ಕಾರಿನ ವಿಷಯ ಹೇಳಬೇಕು. ನಮ್ಮ ಹೊಲದ ಮೇಲೆ ಫ್ಯಾಕ್ಟರಿ ಎದ್ದ ಮೇಲೆ ಅಪ್ಪ ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನ ಕೋಲ್ಸ್ ಪಾರ್ಕ್ ಹತ್ತಿರ, ಒಬ್ಬ ಡಾಕ್ಟರಮ್ಮನ ಬಳಿ ಡ್ರೈವರ್ ಆಗಿ ಸೇರಿದ್ದ. ಇಪ್ಪತ್ತಾರು ವರ್ಷ ಒಂದೇ ಮನೆ, ಒಂದೇ ಕಾರು. ಇಂಗ್ಲೆಂಡಿನಿಂದ ಬಂದ ಪುಟ್ಟ ಕಾರು ಅದು, ಬೆಣ್ಣೆ ಬಣ್ಣದ್ದು, ನನಗಿಂತ ಹಿರಿಯದು. ಡಾಕ್ಟರಮ್ಮ ವಯಸ್ಸಾಗಿ ಕೂನೂರಿನ ತಂಗಿಯ ಮನೆಗೆ ಹೊರಟಾಗ ಕೀಲಿಯನ್ನು ಅಪ್ಪನ ಕೈಗಿಟ್ಟು, “ಪಿಳ್ಳಪ್ಪಾ, ನೀನೇ ಇಟ್ಕೊ. ಬೇರೆಯೋರು ಇದನ್ನ ಕೊಂದುಬಿಡ್ತಾರೆ,” ಅಂದರಂತೆ. ಅಪ್ಪ ತಂದು ಖಾಲಿ ದನದ ಕೊಟ್ಟಿಗೆಯಲ್ಲಿ ನಿಲ್ಲಿಸಿದ. ಇಂಜಿನ್ ಆಗಲೇ ದಣಿದಿತ್ತು. ನಾಲ್ಕು ವರ್ಷದಲ್ಲಿ ಪೂರ್ತಿ ಕಟ್ಟಿಕೊಂಡಿತು. ಹಿಂದಿನ ಸೀಟಿನ ಮೇಲೆ ನಮ್ಮ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಊರಿನಲ್ಲಿ ‘ಪಿಳ್ಳಪ್ಪನ ಕೋಳಿ ಕಾರು’ ಅಂತಲೇ ಹೆಸರಾಯಿತು.

ನಾನು ಕೆಲಸಕ್ಕೆ ಸೇರಿದ ತಿಂಗಳೇ ಅಪ್ಪ ಕೋಳಿಗಳನ್ನು ಓಡಿಸಿ ಇಂಜಿನ್ ಬಿಚ್ಚತೊಡಗಿದ. ಆಯುಧಪೂಜೆ ದಿನ ಸ್ಟಾರ್ಟ್ ಮಾಡ್ತೀನಿ ಅಂತ ಊರಿಗೆಲ್ಲ ಹೇಳಿದ. ಒಂದು ಮುಂಜಾನೆ ನನ್ನ ಊಟದ ಡಬ್ಬಿಯ ಪಕ್ಕ ನ್ಯೂಸ್‌ಪೇಪರಿನಲ್ಲಿ ಸುತ್ತಿ ಹುರಿಯಿಂದ ಕಟ್ಟಿದ ಒಂದು ಪೊಟ್ಟಣ ಇತ್ತು. ಎತ್ತಿದರೆ ಭಾರ. ಜೊತೆಗೊಂದು ಚೀಟಿ. “ಮಾನ್ಯರೇ, ಬೋಲ್ಟು ಹದಿನಾಲ್ಕು. ತುಕ್ಕು ತೆಗೆದು ಹಳದಿ ಮಾಡಿ ಕೊಡುವುದು. ಇಂತಿ, ಪಿಳ್ಳಪ್ಪ.”

ಹೆತ್ತ ಮಗಳಿಗೆ ‘ಮಾನ್ಯರೇ’. ನಗಬೇಕೋ ಅಳಬೇಕೋ ತಿಳಿಯದೆ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ಆ ವರ್ಷ ಮಳೆ ಬಿಟ್ಟೂ ಬಿಡದ ಹಾಗೆ ಹಿಡಿದಿತ್ತು. ಮಾರತಹಳ್ಳಿವರೆಗೆ ಕೆಸರಿನಲ್ಲಿ ನಡೆದು ಶಿವಾಜಿನಗರದ ಬಸ್ಸು ಹತ್ತಬೇಕು. ಹಲಸೂರು ಕೆರೆ ಬರುವ ಹೊತ್ತಿಗೆ ಕಿಟಕಿಯ ಗಾಜೆಲ್ಲ ಮಂಜು. ಕಾಲಡಿ ಇಟ್ಟ ನನ್ನ ಚೀಲವನ್ನು ಎಡವಿ ಕಂಡಕ್ಟರ್ ಕೇಳಿದ, “ಏನಮ್ಮಾ ಇದು, ಕಬ್ಬಿಣದ ಅಂಗಡಿ ಇಟ್ಟಿದೀಯಾ?” ಹೌದು ಅಂದೆ. ನಾಲ್ಕು ತಿಂಗಳು ಹೆಚ್ಚುಕಡಿಮೆ ಒಂದು ಇಡೀ ಇಂಜಿನ್ನಿನ ಮೇಲುಸಾಮಾನು ಆ ಬಸ್ಸಿನಲ್ಲಿ ನನ್ನ ಜೊತೆ ಹೋಗಿ ಬಂತು.

ಪೊಟ್ಟಣ ಬಿಚ್ಚಿದರೆ ಹಳೆಯ ಎಣ್ಣೆ, ಮಣ್ಣು, ಕೋಳಿಪುಕ್ಕ. ಮೊದಲು ಸೀಮೆಎಣ್ಣೆ. ಆಮೇಲೆ ಜಿಡ್ಡು ಬಿಡಿಸಲು ಕುದಿಯುವ ಕಾಸ್ಟಿಕ್ ಸೋಡಾ. ಎತ್ತಿ ತೊಳೆದು, ಎಲ್ಲಿ ಪದರ ಕೂರಬಾರದೋ ಆ ಜಾಗಕ್ಕೆಲ್ಲ, ಅಂದರೆ ನುಣುಪಾಗಿ ಕಡೆದ ಮುಖ, ಬೇರಿಂಗ್ ಕೂರುವ ಬಾಯಿ, ಇಂಥ ಕಡೆ, ಮೇಣದಬತ್ತಿಯನ್ನು ಕರಗಿಸಿ ತೊಟ್ಟಿಕ್ಕಿಸಿ ಮುಚ್ಚುತ್ತಿದ್ದೆ. ಆಮೇಲೆ ಆಸಿಡ್, ತುಕ್ಕು ತಿನ್ನಲು. ಆಸಿಡ್‌ನಿಂದ ಎತ್ತಿದ ಕಬ್ಬಿಣ ಮಗುವಿನ ಕೆನ್ನೆಯಷ್ಟು ಶುಭ್ರವಾಗಿರುತ್ತದೆ, ಆದರೆ ಮಳೆಗಾಲದ ಗಾಳಿ ಸೋಕಿದರೆ ಹತ್ತೇ ನಿಮಿಷಕ್ಕೆ ಮತ್ತೆ ಕೆಂಪು. ಹಾಗಾಗಿ ಓಡಿಹೋಗಿ ಸತುವಿನ ತೊಟ್ಟಿಗೆ ಇಳಿಬಿಡಬೇಕು. ಅರ್ಧ ಗಂಟೆಯಲ್ಲಿ ಬೂದುಬಿಳಿ ಪದರ ಕಟ್ಟುತ್ತದೆ. ಉಗುರಿನಿಂದ ಮೇಣ ಬಿಡಿಸಿ, ಕೊನೆಗೆ ಹಳದಿ ದ್ರಾವಣದಲ್ಲಿ ಒಮ್ಮೆ ಮುಳುಗಿಸಿ ಎತ್ತಿದರೆ ಬರುವ ಬಣ್ಣವನ್ನು ನಾನು ಇವತ್ತಿಗೂ ಬೇಜಾರಿಲ್ಲದೆ ನೋಡಬಲ್ಲೆ. ಅರಿಶಿನದಂಥ ಹಳದಿ, ಓರೆ ಮಾಡಿದರೆ ಅದರೊಳಗೆ ಪಾರಿವಾಳದ ಕತ್ತಿನ ಹಸಿರು, ನೇರಳೆ.

“ಬೇಟಾ, ಇದು ಈಗ ಹಸಿಗೂಸು,” ಅಂತ ಖಾದರ್ ಭಾಯ್ ಮೊದಲ ದಿನವೇ ಹೇಳಿದ್ದರು. “ಒಂದು ದಿನ ಹಾತ್ ನಕ್ಕೊ ಲಗಾವ್. ಬೆರಳು ಮುಟ್ಟಿದ್ರೂ ಬಣ್ಣ ಕಿತ್ಕೊಂಡು ಬರ್ತದೆ. ಇಪ್ಪತ್ನಾಲ್ಕು ಗಂಟೆ ಕಳದ್ರೆ ಆಮೇಲೆ ಅದೇ ಗಟ್ಟಿ ಆಗ್ತದೆ, ಯಾರ ಹಂಗೂ ಬೇಡ.” ಹಸಿ ಆರುವ ತನಕ ಆ ಸಾಮಾನನ್ನು ಅವರು ತಂತಿಯಲ್ಲಿ ತೂಗುಹಾಕಿ, ಹಾದುಹೋಗುವವರ ಮೊಣಕೈ ತಾಗದ ಹಾಗೆ ಕಾಯುತ್ತಿದ್ದರು. ನಾನು ಇಲ್ಲಿ ಗಾಯ, ಸಮಯ ಅಂತೆಲ್ಲ ತತ್ವ ಹೇಳಬಹುದಿತ್ತು. ಹೇಳುವುದಿಲ್ಲ, ಆಗ ನನಗೆ ಅಷ್ಟೆಲ್ಲ ತೋಚಿರಲೂ ಇಲ್ಲ.

ಬೋಲ್ಟುಗಳನ್ನು ವಾಪಸ್ ಕೊಡುವಾಗ ನಾನೂ ಚೀಟಿ ಬರೆದೆ. “ಮಾನ್ಯರೇ, ತಮ್ಮ ಕೆಲಸ ಆಗಿದೆ. ನಾಳೆ ಸಂಜೆಯವರೆಗೆ ಮುಟ್ಟಕೂಡದು. ಇಂತಿ, ಮಂಜುಳಾ, ಬಿ.ಎಸ್ಸಿ.” ಆ ಬಿ.ಎಸ್ಸಿ ಬೇಕಂತಲೇ ಬರೆದದ್ದು. ಮಾರನೆ ಸಂಜೆ ಕೊಟ್ಟಿಗೆ ಕಡೆಯಿಂದ ಹೋಗುವಾಗ ಇಣುಕಿದೆ. ಅಪ್ಪ ಒಂದು ಬೋಲ್ಟನ್ನು ಬಟ್ಟೆಯಲ್ಲಿ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ನನ್ನನ್ನು ಕಂಡು ತಟ್ಟನೆ ಜೇಬಿಗೆ ಹಾಕಿಕೊಂಡ.

ಹಾಗೆ ಚೀಟಿಗಳು ಶುರುವಾದವು. ಅವನಿಗೆ ಇಂಜಿನ್ ಗೊತ್ತಿತ್ತು, ನನಗೆ ಲೋಹ. ಒಮ್ಮೆ ಕಾರ್ಬ್ಯುರೇಟರ್ ಕಳಿಸಿ, “ಇದನ್ನೂ ಕುದಿಸಿ ತೊಳೆಯುವುದು,” ಅಂತ ಬರೆದ. ನಾನು ಹಾಗೇ ವಾಪಸ್ ತಂದೆ. “ಇದು ಅಲ್ಯೂಮಿನಿಯಂ ಜಾತಿ. ಕಾಸ್ಟಿಕ್‌ಗೆ ಹಾಕಿದರೆ ಕರಗಿ ಹೋಗುತ್ತದೆ. ತಾವೇ ಸೀಮೆಎಣ್ಣೆ ಮತ್ತು ಹಲ್ಲುಜ್ಜುವ ಬ್ರಷ್ ತೆಗೆದುಕೊಂಡು ಮೆತ್ತಗೆ ತಿಕ್ಕುವುದು.” ಅದಕ್ಕೆ ಉತ್ತರ ಬಂತು. “ತಿಳಿಯಿತು. ಉಳಿಯಿತು.” ಆ ಎರಡು ಪದ ಓದಿ ನನಗಾದ ಖುಷಿ ಹೇಳತೀರದು. ಮಳೆ ಜೋರಾದ ದಿನ ಚೀಟಿಯ ಕೊನೆಗೆ, “ಇವತ್ತು ಪೊಟ್ಟಣ ಭಾರ ಇದೆ, ನಾಳೆ ತೆಗೆದುಕೊಂಡು ಹೋದರೂ ನಡೆಯುತ್ತದೆ,” ಅಂತ ಬರೆದಿರುತ್ತಿದ್ದ. ಎದುರಿಗೆ ಸಿಕ್ಕರೆ ಮಾತ್ರ ಅದೇ ಗೋಡೆ, ಅದೇ ‘ಆ ಹುಡುಗಿ’.

ಅಮ್ಮನಿಗೆ ಓದಲು ಬಾರದು. ನಮ್ಮ ಚೀಟಿಗಳನ್ನು ಅವಳು ಡಬ್ಬಿಯ ಪಕ್ಕದಿಂದ ಎತ್ತಿ, ಹಿಂದೆ ಮುಂದೆ ತಿರುಗಿಸಿ, ಮತ್ತೆ ಅಲ್ಲೇ ಇಡುತ್ತಿದ್ದಳು. ಏನು ಬರೆದಿದೆ ಅಂತ ಒಮ್ಮೆಯೂ ಕೇಳಲಿಲ್ಲ, ನಾನಾಗಿ ಒಮ್ಮೆಯೂ ಓದಿ ಹೇಳಲಿಲ್ಲ. ಅದನ್ನು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಇಂಜಿನ್ ಮತ್ತೆ ಕೂಡಿಕೊಳ್ಳುತ್ತಾ ಬಂತು. ಅಪ್ಪ ಬ್ಲಾಕಿಗೆ ತಾನೇ ಬಣ್ಣ ಹೊಡೆದ. ಕೊನೆಗೆ ಹನ್ನೊಂದು ಸಾಮಾನು ಉಳಿದವು. ಕೆಲವು ಕಡ್ಡಿಗಳು, ಸಣ್ಣ ಹಿಡಿಕೆಗಳು, ಪಟ್ಟಿಗಳು, ಜೊತೆಗೆ ಇಂಜಿನ್ ನೆತ್ತಿಯ ಮೇಲೆ ಎಣ್ಣೆ ಹಾಕುವ ಬಾಯಿಯ ಮುಚ್ಚಳ. ಹಬ್ಬಕ್ಕೆ ಎರಡು ದಿನ ಇದೆ ಅನ್ನುವಾಗ ಅವನ್ನೆಲ್ಲ ಹಳದಿ ಮಾಡಿ ತಂದು, ಕೊಟ್ಟಿಗೆಯ ಕಟ್ಟೆಯ ಮೇಲೆ ಪೇಪರ್ ಹಾಸಿ ಜೋಡಿಸಿ, ಕೋಳಿ ಬರದ ಹಾಗೆ ಮೇಲೆ ಮಂಕರಿ ಬೋರಲು ಹಾಕಿ, ಮುಟ್ಟಕೂಡದೆಂಬ ಚೀಟಿ ಸಿಕ್ಕಿಸಿದೆ.

ಮಾರನೆ ದಿನ, ಆಯುಧಪೂಜೆಯ ಹಿಂದಿನ ದಿನ, ಸಂಜೆ ಐದಕ್ಕೆ ಕೆಲಸದಿಂದ ಬಂದೆ. ಹಿತ್ತಲಿಂದ ಆ ವಾಸನೆ ಬಂತು. ಹುಣಸೆಹಣ್ಣು ಮತ್ತು ಕಬ್ಬಿಣ.

ಅಮ್ಮ ಕಲ್ಲಿನ ಮುಂದೆ ಸೊಂಟ ಹಿಡಿದುಕೊಂಡು ಎದ್ದು ನಿಂತಿದ್ದಳು. ಎರಡೂ ಕೈ ಕೆಂಪಗೆ, ತೆಂಗಿನ ನಾರು ತಿಕ್ಕಿ ತಿಕ್ಕಿ ಬೆರಳ ತುದಿ ಸಿಪ್ಪೆ ಎದ್ದಿತ್ತು. ಮೊರದ ಮೇಲೆ ಹನ್ನೊಂದು ಸಾಮಾನು ಸಾಲಾಗಿ ಇದ್ದವು, ಹಬ್ಬದ ಲೋಟಗಳ ಹಾಗೆ ಬೆಳ್ಳಗೆ.

“ನೋಡು, ಎಂಗೆ ಮಾಡಿದೀನಿ,” ಅಂದಳು. “ಅದೆಷ್ಟು ಹಳದಿ ಕಟ್ಕೊಂಡಿತ್ತು ಗೊತ್ತಾ. ಮಧ್ಯಾಹ್ನ ಹುಣಸೆ ನೀರಲ್ಲಿ ನೆನೆಹಾಕ್ದ್ರೆ ಬುಳುಬುಳು ನೊರೆ ಬಂತು, ಅಷ್ಟು ಕೊಳೆ. ನಿಮ್ಮ ಅಂಗಡಿಯೋರು ಸರಿಯಾಗಿ ತೊಳೆಯೋದೇ ಇಲ್ಲ.”

ನೊರೆ ಬಂದದ್ದು ಕೊಳೆಯಿಂದಲ್ಲ, ಹುಳಿಗೆ ಸತು ಕರಗಿ. ಹಸಿಗೂಸಿನ ಹಳದಿ, ಅದರಡಿಯ ಪದರ, ಎಲ್ಲ ಹೋಗಿ ಬರೀ ಕಬ್ಬಿಣ ಉಳಿದಿತ್ತು. ಬೆಳಗಾದರೆ ತುಕ್ಕು. ಕೂಗಾಡಲು ಬಾಯಿ ತೆರೆದೇಬಿಟ್ಟಿದ್ದೆ. ಆಗಲೇ ಅಪ್ಪ ಕೆ.ಆರ್. ಪುರದಲ್ಲಿ ಚಾರ್ಜಿಗೆ ಕೊಟ್ಟಿದ್ದ ಬ್ಯಾಟರಿಯನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು ಹಿತ್ತಲಿಗೆ ಬಂದ. ಮೊರವನ್ನು ನೋಡಿದ. ಅಮ್ಮನ ಕೈ ನೋಡಿದ.

“ನೀವಪ್ಪ ಮಗಳೇ ಎಲ್ಲಾ ಮಾಡ್ಕೊಂಡ್ರೆ ಎಂಗೆ,” ಅಂದಳು ಅಮ್ಮ, ಅವನ ಮುಖ ನೋಡಿ ಸ್ವಲ್ಪ ಅಳುಕಿ. “ಗಾಡಿಗೆ ನನ್ನ ಕೈಯಿಂದಾನೂ ಏನಾದ್ರೂ ಆಗ್ಲಿ ಅಂತ.”

ಅಪ್ಪ ಸೈಕಲ್ ನಿಲ್ಲಿಸಿ, ಮುಚ್ಚಳ ಎತ್ತಿಕೊಂಡು ಪಂಚೆಯಲ್ಲಿ ಒರೆಸಿದ. “ಚೆನ್ನಾಗಿ ಹೊಳೀತೈತೆ,” ಅಂದ. “ಹೋಗು, ಕೈಗೆ ಎಣ್ಣೆ ಹಚ್ಕೊ. ಒಂದಿಷ್ಟು ಕಾಫಿ ಇಡು.”

ಅವಳು ಒಳಗೆ ಹೋದಳು. ಅಪ್ಪ ನನ್ನ ಕಡೆ ತಿರುಗಿದ. ಗೋಡೆಯ ಕಡೆಗಲ್ಲ, ನನ್ನ ಕಡೆಗೆ.

“ಮಂಜಿ,” ಅಂದ ಮೆಲ್ಲಗೆ. “ನಿಮ್ಮಮ್ಮಂಗೆ ಏನೂ ಹೇಳ್ಬ್ಯಾಡ. ಇದು ಮತ್ತೆ ಮಾಡೋಕಾಗ್ತದಾ?”

ನಾಲ್ಕು ತಿಂಗಳು ಕಾದ ಹೆಸರು. ಆಗುತ್ತೆ ಅಂತ ತಲೆ ಆಡಿಸಿದೆ. ಹನ್ನೊಂದಕ್ಕೂ ಇಂಜಿನ್ ಎಣ್ಣೆ ಬಳಿದು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದೆವು, ಕಳ್ಳರ ಹಾಗೆ.

ಹಬ್ಬದ ಬೆಳಿಗ್ಗೆ ಹೂವು ತರುವ ನೆಪ ಹೇಳಿ ಇಬ್ಬರೂ ಮೊದಲ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಆಟೋಗಳಿಗೆ ಬಾಳೆಕಂದು ಕಟ್ಟುತ್ತಿದ್ದರು. ಅಪ್ಪ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ, ನನಗೆ ಹೊರಲು ಕೊಡಲಿಲ್ಲ. ಶಾಪ್ ರಜೆ. ಖಾದರ್ ಭಾಯ್ ಮನೆ ಅದರ ಮೇಲೇ ಇತ್ತು. ಲುಂಗಿಯಲ್ಲೇ ಇಳಿದು ಬಂದರು. ನಾನು ಕಥೆ ಹೇಳಿದೆ.

“ಇಮ್ಲಿ? ಹುಣಸೆಹಣ್ಣು?” ಅಂದರು. ನಗತೊಡಗಿದವರು ಕೆಮ್ಮು ಬಂದು ಗೋಡೆ ಹಿಡಿದುಕೊಂಡರು. “ನಮ್ಮ ಆಸಿಡ್‌ಗಿಂತ ನಿಮ್ಮಮ್ಮನ ಇಮ್ಲಿ ಜೋರಿದೆ ಬೇಟಾ. ಅವರನ್ನೇ ಕೆಲಸಕ್ಕೆ ಕಳಿಸು, ನೀನು ಮನೇಲಿ ಇರು.” ಬೀಗ ತೆಗೆದು ಕರೆಂಟ್ ಹಾಕಿಕೊಟ್ಟು, ಅಪ್ಪನಿಗೆ ಒಂದು ಡ್ರಮ್ ಬೋರಲು ಹಾಕಿ ಕೂರಿಸಿ, ಚಹಾ ಕಳಿಸ್ತೀನಿ ಅಂತ ಮೇಲೆ ಹೋದರು.

ನಾನು ಕೆಲಸ ಮಾಡುವುದನ್ನು ಅಪ್ಪ ಅವತ್ತೇ ಮೊದಲು ನೋಡಿದ್ದು. ತಾಮ್ರದ ತಂತಿಗೆ ಒಂದೊಂದಾಗಿ ಕಟ್ಟಿ, ಮೇಣ ತೊಟ್ಟಿಕ್ಕಿಸಿ, ಆಸಿಡ್‌ನಿಂದ ಎತ್ತಿ ಓಡಿ ತೊಟ್ಟಿಗೆ ಇಳಿಬಿಟ್ಟೆ. ಇನ್ನು ಅರ್ಧ ಗಂಟೆ ಕಾಯಬೇಕು. ಅಪ್ಪ ತೊಟ್ಟಿಯನ್ನೇ ನೋಡುತ್ತಾ ಕೂತಿದ್ದ. ಆಮೇಲೆ ಮಾತಾಡಿದ.

“ನಿನ್ನ ನಿಶ್ಚಯಕ್ಕೆ ಹೊಸಕೋಟೆಗೆ ಹೋದಾಗ ನಾನು ಅವನ ಜೀಪು ನೋಡ್ದೆ ಮಗ. ಬಾನೆಟ್ ಎತ್ತಿ ನೋಡ್ದೆ. ಒಂದು ತೊಟ್ಟು ಎಣ್ಣೆ ಸೋರ್ತಿರ್ಲಿಲ್ಲ. ಬೋಲ್ಟೆಲ್ಲಾ ಒರೆಸಿ ಇಟ್ಟಿದ್ದ. ಗಾಡೀನ ಇಷ್ಟು ಚೆನ್ನಾಗಿ ಇಟ್ಕೊಂಡೋನು ನನ್ನ ಮಗಳ್ನೂ ಚೆನ್ನಾಗಿ ಇಟ್ಕೊತಾನೆ ಅಂದ್ಕೊಂಡೆ. ಬೇರೆ ಏನೂ ವಿಚಾರಿಸ್ಲಿಲ್ಲ. ಆ ಮನೆ ಹೆಂಗಸ್ರು ಎಂಗವ್ರೆ ಅಂತ ಅಡುಗೆಮನೇಲಿ ಅವರಮ್ಮನ ಮುಖ ಕೂಡ ನೋಡ್ಲಿಲ್ಲ.”

ನನಗೆ ನೆನಪಾಯಿತು. ಅವತ್ತು ಒಳಗೆ ಎಲ್ಲರೂ ತಾಂಬೂಲ ಹಿಡಿದು ಕೂತಿದ್ದರೆ ಅಪ್ಪ ಅಂಗಳದಲ್ಲಿ ಜೀಪಿನೊಳಗೆ ತಲೆ ಹಾಕಿ ನಿಂತಿದ್ದ. ಒಳಗೆ ಬಂದವನು ಅಮ್ಮನ ಕಿವಿಯಲ್ಲಿ, ಹುಡುಗ ಒಳ್ಳೆಯವನು ಅಂದಿದ್ದ.

“ನಿನ್ನ ಮುಖ ನೋಡೋಕೆ ಆಗ್ತಿರ್ಲಿಲ್ಲ. ಮಾತು ಬರ್ತಿರ್ಲಿಲ್ಲ. ಅದ್ಕೇ ಬೋಲ್ಟು ಕಳಿಸ್ದೆ,” ಅಂದ.

ನನ್ನ ಮೇಲಿನ ಕೋಪ ಅಂದುಕೊಂಡು ನಾಲ್ಕು ತಿಂಗಳು ನಾನು ಅವನ ಜೊತೆ ಜಗಳ ಕಾದಿದ್ದೆ. ಇಷ್ಟು ದಿನ ಅವನೊಬ್ಬನೇ ಆ ಜೀಪನ್ನು ತಲೆಯಲ್ಲಿ ಹೊತ್ತು ತಿರುಗಿದ್ದ. ಅಳು ಬಂತು, ಅದರ ಜೊತೆಗೇ ನಗುವೂ ಬಂತು. “ಅಪ್ಪಾ, ಅವನು ಜೀಪನ್ನ ನಿಜವಾಗ್ಲೂ ಚೆನ್ನಾಗೇ ಇಟ್ಕೊಂಡಿದ್ದ,” ಅಂದೆ. ಅಪ್ಪನಿಗೂ ನಗು ಬಂದು, ಟವೆಲ್ಲಿನಿಂದ ಮುಖ ಒರೆಸಿಕೊಂಡ. ಚಹಾ ತಂದ ಖಾದರ್ ಭಾಯ್ ನಮ್ಮಿಬ್ಬರ ಕಣ್ಣು ನೋಡಿ, “ಆಸಿಡ್ ಹೊಗೆ, ಎಲ್ಲಾರ್ಗೂ ಹೀಗೇ ಆಗ್ತದೆ,” ಅಂತ ಲೋಟ ಇಟ್ಟು ಹೋದರು.

ಹತ್ತು ಸಾಮಾನು ತೊಟ್ಟಿಯಲ್ಲಿದ್ದವು. ಹನ್ನೊಂದನೆಯದು, ಎಣ್ಣೆ ಬಾಯಿಯ ಮುಚ್ಚಳ, ದೊಡ್ಡದಾದ್ದರಿಂದ ಕೊನೆಗೆ ಇಟ್ಟುಕೊಂಡಿದ್ದೆ. ತಂತಿ ಕಟ್ಟುತ್ತಿದ್ದಾಗ ಅಪ್ಪ ಕೈ ಅಡ್ಡ ಹಿಡಿದ.

“ಅದು ಬ್ಯಾಡ. ಅಂಗೇ ಇರ್ಲಿ. ಬಾನೆಟ್ ಎತ್ತಿದ್ರೆ ಮೊದ್ಲು ಕಾಣೋದೇ ಅದು. ಅವ್ಳು ಅದ್ನೇ ನೋಡ್ತಾಳೆ.”

“ತುಕ್ಕು ಹಿಡಿಯುತ್ತಪ್ಪ. ಬರೀ ಕಬ್ಬಿಣ.”

“ಎಣ್ಣೆ ಒರೆಸ್ತೀನಿ.”

“ಎಷ್ಟು ದಿನ ಅಂತ ಒರೆಸ್ತೀಯ?”

“ನಂಗೇನು ಬೇರೆ ಕೆಲ್ಸ ಐತಾ,” ಅಂದ ಅಪ್ಪ.

ಹಳದಿ ಆರಲು ಒಂದು ದಿನ ಬೇಕು, ಪೂಜೆ ಅದೇ ಸಂಜೆ. ಅಂದರೆ ಇಂಜಿನ್ ಸ್ಟಾರ್ಟ್ ಆಗುವ ಹಾಗಿಲ್ಲ. ಹತ್ತೂ ಸಾಮಾನನ್ನು ಖಾದರ್ ಭಾಯ್ ಶಾಪಿನ ತಂತಿಯಲ್ಲೇ ತೂಗುಬಿಟ್ಟು, ಮುಚ್ಚಳ ಮಾತ್ರ ತಂದೆವು. ಹೂವು ಮರೆತದ್ದು ಮನೆ ಹತ್ತಿರ ಬಂದಾಗ ನೆನಪಾಯಿತು. ಮಾರತಹಳ್ಳಿಗೆ ವಾಪಸ್ ಓಡಿದೆ.

ಸಂಜೆ ಅರ್ಧ ಊರು ಕೊಟ್ಟಿಗೆ ಮುಂದೆ ನೆರೆದಿತ್ತು. ಕಾರನ್ನು ಹೊರಗೆ ತಳ್ಳಿ, ಬಾನೆಟ್ ಎತ್ತಿ ಚೆಂಡುಹೂವು ಹಾಕಿದ್ದೆವು. ಪಕ್ಕದ ಮನೆಯ ದೊಡ್ಡಪ್ಪ ಸುಮ್ಮನಿರಲಿಲ್ಲ. “ಎಲ್ಲಯ್ಯಾ ಪಿಳ್ಳಪ್ಪ, ಸ್ಟಾರ್ಟ್ ಮಾಡ್ತೀನಿ ಅಂದಿದ್ದೆ. ಕೀಲಿ ತಿರುಗ್ಸು, ಕೋಳಿ ಕೂಗ್ತದೋ ಇಂಜಿನ್ ಕೂಗ್ತದೋ ನೋಡಾಣ.” ಎಲ್ಲರೂ ನಕ್ಕರು. ನಾಲ್ಕು ತಿಂಗಳು ಇದೇ ಒಂದು ಸಂಜೆಗಾಗಿ ಮಳೆಯಲ್ಲಿ ದುಡಿದವನು ಅಪ್ಪ. ಅವನ ಕಿವಿ ಕೆಂಪಾದದ್ದು ನನಗೆ ಕಂಡಿತು.

“ಬ್ಯಾಟ್ರಿ ಕೈಕೊಟ್ಟೈತೆ,” ಅಂದ. “ನಾಳೆ ಬಾ.”

ಅಮ್ಮ ಆರತಿ ತಟ್ಟೆ ಹಿಡಿದು ಮುಂದೆ ಬಂದಳು. ಬಗ್ಗಿ ಇಂಜಿನ್ ನೋಡಿದಳು. ನಟ್ಟನಡುವೆ ಆ ಮುಚ್ಚಳ ಬೆಳ್ಳಗೆ ಹೊಳೆಯುತ್ತಿತ್ತು. ಅದರ ಮೇಲೆ ಕುಂಕುಮ ಇಟ್ಟು, ಸುತ್ತಲಿನವರೆಲ್ಲ ನೋಡಿದರೋ ಇಲ್ಲವೋ ಅಂತ ಒಂದು ಸಲ ಕಣ್ಣು ಹಾಯಿಸಿದಳು. ದೊಡ್ಡಪ್ಪ ಬಗ್ಗಿ, “ಪಾಲಿಶ್ ಬಲೇ ಚೆನ್ನಾಗೈತೆ, ಎಲ್ಲಿ ಮಾಡ್ಸಿದೆ?” ಅಂತ ಕೇಳಿದ.

“ಕಲಾಯಿ ನಮ್ಮ ಮಂಜಿದು,” ಅಂದ ಅಪ್ಪ, ಎಲ್ಲರಿಗೂ ಕೇಳುವಷ್ಟು ಜೋರಾಗಿ. “ಮುಚ್ಚಳ ನಮ್ಮ ಮನೆಯೋಳ್ದು.”

ಹಿಂದೆ ಬೈಗುಳದ ಹಾಗೆ ಆಡಿದ್ದ ಪದವೇ. ಊರಿನ ಮುಂದೆ ಅದನ್ನು ಕೇಳಿ ನನಗೆ ತಲೆ ಎತ್ತಿ ನಿಲ್ಲುವ ಹಾಗಾಯಿತು. ಗಂಡನ ಮನೆ ಬಿಟ್ಟು ಬಂದ ಮೇಲೆ ಅಷ್ಟು ಜನರ ನಡುವೆ ನಾನು ಹಾಗೆ ನಿಂತದ್ದು ಅದೇ ಮೊದಲು.

ಮಾರನೆ ದಿನ ವಿಜಯದಶಮಿ. ಬೆಳಿಗ್ಗೆ ಹೋಗಿ ಹತ್ತು ಸಾಮಾನು ತಂದೆ. ಹಳದಿ ಗಟ್ಟಿಯಾಗುವ ತನಕ ಕಾದು, ಅಮ್ಮ ಬನ್ನಿ ಸೊಪ್ಪು ಕೊಡಲು ಮನೆಮನೆಗೆ ಹೋಗಿದ್ದಾಗ ಅಪ್ಪ ಅವನ್ನೆಲ್ಲ ಕೆಳಗೆ, ಒಳಗೆ, ಅವಳ ಕಣ್ಣಿಗೆ ಬೀಳದ ಕಡೆಯಲ್ಲೆಲ್ಲ ಕೂರಿಸಿದ. ಸಂಜೆ ಕೀಲಿ ತಿರುಗಿಸಿದಾಗ ಮೂರು ಸಲ ಕೆಮ್ಮಿ, ನಾಲ್ಕನೆಯ ಸಲಕ್ಕೆ ಹತ್ತಿಕೊಂಡಿತು. ಕೋಳಿಗಳು ದಿಕ್ಕಾಪಾಲಾದವು. ಮೂವರೂ ಹಲಸೂರಿನ ದೇವಸ್ಥಾನದವರೆಗೆ ಹೋಗಿ ಬಂದೆವು. ಅಮ್ಮನನ್ನು ಮುಂದೆ ಕೂರಿಸಿದ್ದೆವು. ಹೋಗುವಾಗಲೂ ಬರುವಾಗಲೂ ಅವಳು ದಾರಿ ನೋಡಲೇ ಇಲ್ಲ, ಬಾನೆಟ್ಟನ್ನೇ ನೋಡುತ್ತಿದ್ದಳು, ಒಳಗಿನ ಮುಚ್ಚಳ ಕಾಣುತ್ತದೇನೋ ಅನ್ನುವ ಹಾಗೆ.

ಆಮೇಲೆ ನಾನು ದೊಡ್ಡನೆಕ್ಕುಂದಿಯಲ್ಲೇ ಒಂದು ಸಣ್ಣ ಪ್ಲೇಟಿಂಗ್ ಶಾಪ್ ಹಾಕಿದೆ. ಸುತ್ತ ಗಾಜಿನ ಕಟ್ಟಡಗಳು ಎದ್ದವು. ಅಪ್ಪ ಪ್ರತಿ ಶನಿವಾರ ಸಂಜೆ ಬಾನೆಟ್ ಎತ್ತಿ, ಹಳೆಯ ಪೌಡರ್ ಡಬ್ಬಿಯಲ್ಲಿಟ್ಟ ಎಣ್ಣೆ ಬಟ್ಟೆಯಿಂದ ಆ ಮುಚ್ಚಳ ಒರೆಸುತ್ತಿದ್ದ. ಒಂದು ವಾರವೂ ತಪ್ಪಿಸಲಿಲ್ಲ. ಅವನು ತೀರಿಕೊಂಡು ಆರು ವರ್ಷವಾಯಿತು. ಆಮೇಲಿನ ಶನಿವಾರಗಳು ನನ್ನ ಪಾಲಿಗೆ ಬಂದವು. ವರ್ಷಕ್ಕೊಮ್ಮೆ ಆಯುಧಪೂಜೆಯಲ್ಲಿ ಅಮ್ಮ ಬಾನೆಟ್ ಒಳಗೆ ಬಗ್ಗಿ ನೋಡಿ ಒಂದೇ ಮಾತು ಹೇಳುತ್ತಾಳೆ. “ನಿನ್ನ ಕಲಾಯಿ ಎಲ್ಲಾ ಮಾಸೋಯ್ತು. ನಾನು ಉಜ್ಜಿದ್ದು ನೋಡು, ಇನ್ನೂ ಅಂಗೇ ಐತೆ.” ಹೌದಮ್ಮ ಅನ್ನುತ್ತೇನೆ. ಅಪ್ಪನೂ ಹಾಗೇ ಅನ್ನುತ್ತಿದ್ದ.

ಈ ಸಲ ಮೂರು ತಿಂಗಳು ನನ್ನ ಕೈ ಪ್ಲಾಸ್ಟರಿನಲ್ಲಿತ್ತು. ಮಳೆ ಬೇರೆ ಚೆನ್ನಾಗಿ ಹೊಡೆದಿತ್ತು. ಒಂದು ಶನಿವಾರವೂ ಮುಚ್ಚಳ ಒರೆಸಲು ಆಗಿರಲಿಲ್ಲ. ಬೇರೆಯವರಿಗೆ ಹೇಳುವ ಹಾಗಿರಲಿಲ್ಲ, ಅದು ಅಪ್ಪನದು ನನ್ನದು ಇಬ್ಬರದೇ ಗುಟ್ಟು. ಈಳಿಗೆಯ ಅಲಗಿನ ವಾಸನೆ ಮೂಗಿಗೆ ಬಿದ್ದಾಗ ನನಗೆ ಮೊದಲು ಬಂದದ್ದು ಅದೇ ಯೋಚನೆ. ನಾಳೆ ಅಮ್ಮ ಬಗ್ಗಿ ನೋಡುತ್ತಾಳೆ, ಮುಚ್ಚಳ ಕೆಂಪಗಾಗಿರುತ್ತದೆ, ಅಪ್ಪ ಇಷ್ಟು ವರ್ಷ ಕಾಪಾಡಿದ್ದು ನನ್ನ ಕೈಯಲ್ಲಿ ಹಾಳಾಯಿತು. ಅವಳು ಇನ್ನೂ ಹಿತ್ತಲಲ್ಲಿ ಇರುವಾಗಲೇ ಪೌಡರ್ ಡಬ್ಬಿ ತೆಗೆದುಕೊಂಡು ಕೊಟ್ಟಿಗೆಗೆ ಹೋದೆ. ಎಡಗೈಯಿಂದ ಬಾನೆಟ್ ಎತ್ತಿದೆ.

ಮುಚ್ಚಳ ಹೊಳೆಯುತ್ತಿತ್ತು. ಎಲ್ಲೂ ಒಂದು ಕೆಂಪು ಚುಕ್ಕೆ ಇರಲಿಲ್ಲ. ಮುಟ್ಟಿದರೆ ಬೆರಳಿಗೆ ಜಿಡ್ಡು ಹತ್ತಿತು, ಹೊಸದಾಗಿ ಹಚ್ಚಿದ್ದು. ಮೂಸಿದೆ. ಇಂಜಿನ್ ಎಣ್ಣೆಯಲ್ಲ, ಅಮ್ಮ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ.

ಬಾನೆಟ್ ಮುಚ್ಚಿದೆ. ನಾವಿಬ್ಬರೂ ಅವಳಿಂದ ಮುಚ್ಚಿಟ್ಟದ್ದು ಅವಳಿಗೆ ಯಾವತ್ತಿನಿಂದ ಗೊತ್ತಿತ್ತೋ. ಅಪ್ಪ ಇದ್ದಾಗಲೇ ಇರಬೇಕು. ಪ್ರತಿ ಶನಿವಾರ ಸಂಜೆ ಅವನು ಬಾನೆಟ್ ಎತ್ತುವ ಹೊತ್ತಿಗೆ ಸರಿಯಾಗಿ ಅವಳಿಗೆ ಒಳಗೆ ಏನೋ ಕೆಲಸ ಬರುತ್ತಿತ್ತು. ಅದು ನನಗೆ ಈಗ ಹೊಳೆಯಿತು.

ಹಿತ್ತಲಿಗೆ ಬಂದೆ. ಅಮ್ಮ ಈಳಿಗೆಮಣೆಯನ್ನು ತೊಳೆದು ಸೆರಗಿನಿಂದ ಒರೆಸುತ್ತಿದ್ದಳು. ನನ್ನ ಕೈಯಲ್ಲಿದ್ದ ಪೌಡರ್ ಡಬ್ಬಿ ನೋಡಿದಳು. ನೋಡಿ ಮತ್ತೆ ಅಲಗು ಒರೆಸತೊಡಗಿದಳು.

“ಮುಚ್ಚಳ ಚೆನ್ನಾಗಿ ಹೊಳೀತಿದೆ ಅಮ್ಮ,” ಅಂದೆ.

“ನಾನು ಉಜ್ಜಿದ್ದಲ್ವಾ,” ಅಂದಳು, ತಲೆ ಎತ್ತದೆ.